ಸೈಕಲಿಗೆ ಕಿವಿ ಇಲ್ಲ

"ಸೈಕಲಿಗೆ ಬೆಲ್ಲುಂಟು, ಬ್ರೇಕುಂಟು, ಹಿಂದೆ ಕ್ಯಾರಿಯರೂ ಉಂಟು. ಕಿವಿ ಮಾತ್ರ ಇಲ್ಲ ಮಾರಾಯ."

ಈ ಮಾತನ್ನು ನಾನು ಏಳು ವರ್ಷ, ದಿನಕ್ಕೆ ಕಡಿಮೆಯೆಂದರೆ ಹತ್ತು ಸಲ ಕೇಳಿದ್ದೇನೆ. ಹೇಳುತ್ತಿದ್ದವರು ನಮ್ಮ ಬಸ್ಸಿನ ಡ್ರೈವರು. ಕೇಳುತ್ತಿದ್ದವನು ಅದೇ ಬಸ್ಸಿನ ಕಂಡಕ್ಟರಾಗಿದ್ದ ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಕಾರ್ಕಳದಿಂದ ಹೊರಟು ಬೆಳ್ಮಣ್ಣು, ಪಡುಬಿದ್ರಿ, ಕಾಪು ಸುತ್ತಿಕೊಂಡು ಉಡುಪಿಗೆ ಬಂದು, ಅಲ್ಲಿಂದ ಮಣಿಪಾಲದ ಗುಡ್ಡ ಹತ್ತುತ್ತಿದ್ದ ಒಂದು ಖಾಸಗಿ ಬಸ್ಸು ನಮ್ಮದು. ಬಸ್ಸಿನ ಹೆಸರು ಬೇಡ, ಅವರ ಹೆಸರೂ ಬೇಡ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನಮ್ಮೊಳಗಿನ ಮಾತೆಲ್ಲ ತುಳುವಿನಲ್ಲಿ. ಓದುವವರಿಗೆ ತೊಂದರೆಯಾಗಬಾರದೆಂದು ಕನ್ನಡಕ್ಕೆ ತಂದಿದ್ದೇನೆ. ಒಂದು ಶಬ್ದವನ್ನು ಮಾತ್ರ ತುಳುವಿನಲ್ಲೇ ಬಿಡಬೇಕಾಗಿದೆ. ಅದನ್ನು ಬದಲಿಸಿದರೆ ನಾನು ಹೇಳಬೇಕಾದ್ದೇ ಉಳಿಯುವುದಿಲ್ಲ.

ಅಣ್ಣ ತೀರಿಕೊಂಡು ವರ್ಷ ತುಂಬಿತು. ಮೊನ್ನೆ ವರ್ಷಾಂತಿಕಕ್ಕೆ ಹೋಗಿ ಊಟಕ್ಕೆ ಕುಳಿತೆ. ಪಾಯಸ ಬಡಿಸುವಾಗ ಅವರ ಹೆಂಡತಿ, "ನಿನ್ನನ್ನು ಕಂಡರೆ ಅವರಿಗೆ ಭಾರೀ ಪ್ರೀತಿ" ಎಂದರು. ಆ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಈಗ ನಡೆಸುವ ನನ್ನ ಅಂಗಡಿಗೆ ಬಂದವನೇ ಈ ಕಾಗದ ಹಿಡಿದು ಕುಳಿತಿದ್ದೇನೆ.

ಅಣ್ಣ ಗಿಡ್ಡ ಆಳು. ಸೀಟಿನ ಮೇಲೊಂದು ದಿಂಬು, ದಿಂಬಿನ ಮೇಲೊಂದು ಬೈರಾಸು, ಎಂದರೆ ಟವೆಲು, ಹಾಸಿ ಕುಳಿತರೆ ಮಾತ್ರ ಅವರಿಗೆ ರಸ್ತೆ ಸರಿಯಾಗಿ ಕಾಣುತ್ತಿತ್ತು. ಮೇ ತಿಂಗಳ ಸೆಕೆಯಲ್ಲೂ ಖಾಕಿ ಅಂಗಿಯ ಕುತ್ತಿಗೆಯ ಗುಂಡಿ ಬಿಚ್ಚುತ್ತಿರಲಿಲ್ಲ. ಚಪ್ಪಲಿ ಕಳಚಿ ಸೀಟಿನಡಿಗೆ ತಳ್ಳಿ ಬರಿಗಾಲಲ್ಲೇ ಬಸ್ಸು ಓಡಿಸುವುದು. "ಬ್ರೇಕಿನ ವಿಷಯ ಕಾಲಿಗೆ ಗೊತ್ತಿರಬೇಕು, ಚಪ್ಪಲಿಗಲ್ಲ" ಎನ್ನುತ್ತಿದ್ದರು. ಮಳೆಯಲ್ಲಿ ವೈಪರು ಕೈಕೊಟ್ಟರೆ, ಹೆಂಡತಿ ಬೀಡಿ ಕಟ್ಟಿ ಉಳಿದ ಹೊಗೆಸೊಪ್ಪಿನ ಪುಡಿಯನ್ನು ಜೇಬಿನಿಂದ ತೆಗೆದು ಗಾಜಿಗೆ ತಿಕ್ಕುವರು. ನೀರು ನಿಲ್ಲದೆ ಜಾರಿಹೋಗುತ್ತಿತ್ತು. ಕಂಪೆನಿಯ ವೈಪರಿಗಿಂತ ನನ್ನ ಹೆಂಡತಿಯ ವೈಪರು ವಾಸಿ ಎಂದು ಮುಂದಿನ ಸೀಟಿನವರಿಗೆ ಹೇಳಿ ನಗುವರು.

ಹಾರ್ನಿನಲ್ಲಿ ಅವರದ್ದೇ ಒಂದು ಭಾಷೆ. ಗುರುತಿನವರಿಗೆ ಚಿಕ್ಕದೊಂದು, ದನಕ್ಕೆ ಉದ್ದದ್ದೊಂದು, ಸೈಕಲಿಗೆ ಒಂದರ ಮೇಲೊಂದು ಮೂರು. ದನ ಒಂದಕ್ಕೇ ಏಳುತ್ತಿತ್ತು. ಸೈಕಲು ಮೂರಕ್ಕೂ ಸರಿಯುತ್ತಿರಲಿಲ್ಲ. ಆಗ ಶುರು: "ಓಯ್, ಮಂಡೆ ಸಮ ಉಂಟಾ ನಿಂಗೆ? ಕೆಳಗಿಳಿ!" ಅವರು ಕುಳಿತದ್ದು ಬಲಗಡೆ, ಸೈಕಲು ಹೋಗುವುದು ಎಡಗಡೆ. ಅಲ್ಲಿಂದ ಇಲ್ಲಿಗೆ ಬೈಗುಳ ದಾಟಿಸುವ ಕೆಲಸ ನನ್ನದು. ಬಾಗಿಲಲ್ಲಿ ನೇತಾಡಿಕೊಂಡು, ಅವರು ಹೇಳಿದ್ದಕ್ಕೆ ನನ್ನದೂ ಅರ್ಧ ಸೇರಿಸಿ, ಸೈಕಲಿನವನ ಕಿವಿಗೆ ಮುಟ್ಟಿಸಿಬಿಡುತ್ತಿದ್ದೆ. ಆ ಪ್ರಾಯದಲ್ಲಿ ಅದೊಂದು ಖುಷಿಯೇ ಆಗಿತ್ತು.

ಕೆಳಗಿಳಿ ಎಂದರೆ ಡಾಮರಿನಿಂದ ಕೆಳಗೆ. ಆ ಕಾಲದ ಹೆದ್ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಎರಡು ಬಸ್ಸು ಎದುರಾದರೆ ಕನ್ನಡಿಗೆ ಕನ್ನಡಿ ತಾಗುವಷ್ಟೇ ಅಗಲ. ವರ್ಷ ವರ್ಷ ಡಾಮರಿನ ಮೇಲೆ ಡಾಮರು ಸುರಿದು ರಸ್ತೆ ಎತ್ತರವಾಗಿತ್ತು, ಬದಿಯ ಮಣ್ಣು ಮಳೆಗೆ ಕೊಚ್ಚಿಹೋಗಿ ತಗ್ಗಾಗಿತ್ತು. ಅಂಚಿನಲ್ಲಿ ಇಳಿಜಾರಿಲ್ಲದ, ಒಂದು ಗೇಣಿನ ಮೆಟ್ಟಿಲು. ಸೈಕಲು ಅಲ್ಲಿ ಇಳಿದರೆ ಸವಾರ ಮಕಾಡೆ. ಇಳಿಯದಿದ್ದರೆ ಬಸ್ಸಿಗೆ ಬ್ರೇಕು. ಆ ಒಂದು ಗೇಣಿಗಾಗಿ ದಿನಾ ಬೆಳಗಾದರೆ ಜಗಳ.

ಒಮ್ಮೆ ಕಾಪುವಿನಲ್ಲಿ ಒಬ್ಬರು ನಿವೃತ್ತ ಮಾಸ್ಟ್ರು ಸೈಕಲನ್ನು ನಮ್ಮ ಬಸ್ಸಿಗೆ ಅಡ್ಡ ನಿಲ್ಲಿಸಿಯೇಬಿಟ್ಟರು. ಪಂಚೆ, ಬಿಳಿ ಅಂಗಿ, ಹ್ಯಾಂಡಲಿಗೆ ತರಕಾರಿ ಚೀಲ. ಅಣ್ಣ ಮೂರರ ಜೊತೆಗೆ ನಾಲ್ಕನೆಯ ಹಾರ್ನನ್ನೂ ಹಾಕಿದ್ದರು.

"ಇಳಿದು ಬಾ" ಎಂದರು ಮಾಸ್ಟ್ರು. "ಬಂದು ಈ ಅಂಚು ನೋಡು. ನಾನು ಇಳಿದರೆ ಬೀಳ್ತೇನೆ. ಇಳಿಯದಿದ್ದರೆ ನೀನು ಬೀಳಿಸ್ತಿ. ಎರಡರಲ್ಲಿ ಯಾವುದು ಒಳ್ಳೆಯದು, ನೀನೇ ಹೇಳು."

"ಮಾಸ್ಟ್ರೇ, ನನ್ನ ಬಸ್ಸಲ್ಲಿ ಅರವತ್ತು ಜನ ಉಂಟು ಮಾರಾಯ್ರೇ. ನೀವು ಒಬ್ಬರೇ."

"ಒಬ್ಬ ಅಂದ್ರೆ ಲೆಕ್ಕಕ್ಕಿಲ್ವಾ?"

"ಲೆಕ್ಕ ನೀವು ಶಾಲೆಯಲ್ಲಿ ಮಾಡಿ. ನಂಗೆ ಉಡುಪಿಗೆ ಟೈಮಾಯ್ತು."

ಬಸ್ಸೆಲ್ಲ ನಕ್ಕಿತು. ಮಾಸ್ಟ್ರು ಸೈಕಲನ್ನು ಕೈಯಲ್ಲಿ ಹಿಡಿದು ಕೆಳಗಿಳಿಸಿಕೊಂಡರು. ಅವರ ಪಂಚೆಗೆ ನಮ್ಮ ಚಕ್ರದ ಕೆಸರು ಹಾರಿತು. ನಾನು ಬಾಗಿಲಲ್ಲಿ ನಿಂತು ಅವರಿಗೆ ಟಾಟಾ ಮಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹಾಗೆಂದು ಅಣ್ಣ ದುಷ್ಟರೆಂದು ಯಾರೂ ತಿಳಿಯಬಾರದು. ಅವರೇ ಸೈಕಲು ತುಳಿಯುತ್ತಿದ್ದವರು! ಮನೆ ಅಜೆಕಾರಿನ ದಾರಿಯಲ್ಲಿ. ನಮ್ಮ ಮೊದಲ ಟ್ರಿಪ್ಪಿನ ಹೊತ್ತಿಗೆ ಆ ಕಡೆಯಿಂದ ಬಸ್ಸಿಲ್ಲ. ಹಾಗಾಗಿ ದಿನಾ ಅಷ್ಟು ದೂರ ಸೈಕಲಿನಲ್ಲೇ ಬಂದು, ಕಾರ್ಕಳದ ಸ್ಟ್ಯಾಂಡಿನಲ್ಲಿ ಅದನ್ನು ಗೋಡೆಗೊರಗಿಸಿ, ಬೀಗ ಹಾಕಿ, ಬಸ್ಸು ಹತ್ತುವುದು. ಸೈಕಲಿನ ಮೇಲೆ ಅವರು ಬೇರೆಯೇ ಮನುಷ್ಯ. ಡಾಮರಿನ ನಡುವೆಯೇ ಹೋಗುವುದು. ಹಿಂದಿನಿಂದ ಹಾರ್ನಾದರೆ ತಿರುಗಿ, "ಎಂತ, ರೋಡು ನಿನ್ನ ಅಪ್ಪಂದಾ?" ಎನ್ನುವುದು.

ಒಂದು ಬೆಳಿಗ್ಗೆ ಕಲ್ಲುಕೋರೆಯ ಟಿಪ್ಪರೊಂದು ಅವರನ್ನು ಚರಂಡಿಗಿಳಿಸಿತು. ಮೊಣಕಾಲು ತರಚಿಕೊಂಡು, ಮೈಯೆಲ್ಲ ಕೆಸರಾಗಿ ಸ್ಟ್ಯಾಂಡಿಗೆ ಬಂದರು. ಟಿಪ್ಪರಿನವನ ಹಿಂದಿನ ಮೂರು ತಲೆಮಾರಿಗೂ ಬೈದು, ನಳ್ಳಿಯಲ್ಲಿ ಕಾಲು ತೊಳೆದು, ಬಸ್ಸು ಹತ್ತಿದರು. ಐದು ನಿಮಿಷ ಆಗಿರಲಿಕ್ಕಿಲ್ಲ. ಬ್ರೆಡ್ಡು ಮಾರುವ ಸೈಕಲಿನವನೊಬ್ಬ ಎದುರು ಕಂಡ. ಮೂರು ಹಾರ್ನು, "ಕೆಳಗಿಳಿ!"

"ಅಣ್ಣ, ಈಗಷ್ಟೇ ನೀವು ಬಿದ್ದು ಬಂದದ್ದಲ್ವಾ?" ಎಂದೆ.

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಆಗ ನಾನೊಬ್ಬ. ಈಗ ಬೆನ್ನಿಗೆ ಟೈಮ್ ಉಂಟು. ಸೀಟು ಬದಲಾದರೆ ಬಾಯಿಯೂ ಬದಲಾಗ್ತದೆ ಮಾರಾಯ. ನಾಳೆ ನೀನು ಕೂತು ನೋಡು."

ಟೈಮು ಎಂದರೆ ಸುಮ್ಮನೆ ಅಲ್ಲ. ನಮ್ಮ ಹಿಂದೆ ಮೂರು ನಿಮಿಷಕ್ಕೆ ಇನ್ನೊಂದು ಬಸ್ಸು. ನಾವು ತಡಮಾಡಿದರೆ ಅದರ ಕಂಡಕ್ಟರು ಪಡುಬಿದ್ರಿಯಲ್ಲಿ ಇಳಿದು ಬಂದು ನನ್ನ ಕಾಲರಿಗೆ ಕೈ ಹಾಕುತ್ತಿದ್ದ. ಹೀಗಾಗಿ ಅಣ್ಣನ ಹಾರ್ನಿನಲ್ಲಿ ಅರ್ಧ ನನ್ನದೇ ಅವಸರ. "ಅಣ್ಣ, ಬಿಡಿ, ಬಿಡಿ" ಎಂದು ಹಿಂದಿನಿಂದ ತಿವಿಯುತ್ತಿದ್ದವನು ನಾನೇ.

ಈಗ ಆ ಶಬ್ದದ ವಿಷಯ. ಇಕ್ಕಟ್ಟಿನಲ್ಲಿ ಬಸ್ಸು ನುಗ್ಗುವಾಗ ಎಡಗಡೆ ಎಷ್ಟು ಜಾಗ ಉಂಟೆಂದು ಡ್ರೈವರಿಗೆ ಕಾಣುವುದಿಲ್ಲ. ಕಂಡಕ್ಟರು ಬಾಗಿಲಿನಿಂದ ತಲೆ ಹೊರಹಾಕಿ ನೋಡಿ ಹೇಳಬೇಕು. ಉಳಿದ ಬಸ್ಸಿನವರೆಲ್ಲ "ಬರಡ್, ಬರಡ್" ಎನ್ನುತ್ತಿದ್ದರು. ತುಳುವಿನಲ್ಲಿ ಹಾಗೆಂದರೆ 'ಬರಲಿ'. ನಾನೂ ಮೊದಲ ದಿನ ಹಾಗೇ ಎಂದೆ. ಅಣ್ಣ ಬಸ್ಸು ನಿಲ್ಲಿಸಿಬಿಟ್ಟರು.

"ಬರಲಿ ಅಂತ ಯಾರಿಗೆ ಹೇಳಿದ್ದು? ಬಸ್ಸಿಗಾ, ನಂಗಾ?"

"ನಿಮಗೆ ಅಣ್ಣ."

"ನಂಗೆ ಹೇಳುವುದಾದರೆ ಮರ್ಯಾದೆ ಕೊಟ್ಟು ಹೇಳು. ನಿನ್ನಪ್ಪನ ಪ್ರಾಯ ನಂಗೆ. ಬಲೆ ಅಂತ ಹೇಳು."

ಬಲೆ ಎಂದರೆ 'ಬನ್ನಿ'. ಮನೆಗೆ ಬಂದ ಹಿರಿಯರನ್ನು ಒಳಗೆ ಕರೆಯುವಾಗ ಹೇಳುವ ಮಾತು. ಅಂದಿನಿಂದ ಆ ರೂಟಿನಲ್ಲಿ ನಮ್ಮ ಬಸ್ಸೊಂದರಲ್ಲೇ ಡ್ರೈವರಿಗೆ ಬಹುವಚನ. ಲಾರಿಗೂ ಗೋಡೆಗೂ ನಡುವೆ ನುಗ್ಗುವಾಗ ನಾನು, "ಬಲೆ, ಬಲೆ, ಬಲೆ" ಎಂದು ಕೂಗುವುದು, ಅಣ್ಣ ನೆಂಟರ ಮನೆಗೆ ಹೋಗುವವರಂತೆ ಗತ್ತಿನಿಂದ ಬಸ್ಸನ್ನು ಒಳಗೆ ತರುವುದು. ಬೇರೆ ಕಂಡಕ್ಟರುಗಳು ನನ್ನನ್ನು ತಮಾಷೆ ಮಾಡುತ್ತಿದ್ದರು. ನನಗೇನೂ ಬೇಸರವಿರಲಿಲ್ಲ.

ಅದೊಂದು ಬೆಳಿಗ್ಗೆ. ಮಳೆ ಬಿಟ್ಟು ಎರಡು ದಿನವಾಗಿತ್ತಷ್ಟೆ, ರಸ್ತೆಯ ಬದಿಯೆಲ್ಲ ಕೆಸರು. ಉಚ್ಚಿಲ ದಾಟಿ ಕಾಪುವಿಗೆ ಹೋಗುತ್ತಿದ್ದೆವು. ಮುಂದೆ ಒಂದು ಮೋರಿ, ಅಲ್ಲಿ ರಸ್ತೆ ಇನ್ನೂ ಕಿರಿದು. ಎದುರಿನಿಂದ ಲಾರಿ ಬರುತ್ತಿತ್ತು. ನಮ್ಮ ಮುಂದೆ, ಎಡಗಡೆಯ ಅಂಚಿನಲ್ಲಿ, ಕ್ಯಾರಿಯರಿಗೆ ಸಾರಣೆ ಕೆಲಸದ ಹಲಗೆ ಕಟ್ಟಿಕೊಂಡು ಒಬ್ಬ ಸೈಕಲಿನಲ್ಲಿ ಹೋಗುತ್ತಿದ್ದ. ಅಣ್ಣ ಮೂರು ಹಾರ್ನು ಹಾಕಿದರು. ಅವನು ಅಂಚು ಬಿಟ್ಟು ಇಳಿಯಲಿಲ್ಲ, ಇಳಿಯಲು ಅಲ್ಲಿ ನೆಲವೂ ಇರಲಿಲ್ಲ. ಹಿಂದಿನ ಬಸ್ಸು ಲೈಟು ಹಾಕುತ್ತಿತ್ತು. "ಜಾಗ ನೋಡು" ಎಂದರು ಅಣ್ಣ. ತಲೆ ಹೊರಹಾಕಿ ನೋಡಿದೆ. ಸೈಕಲಿಗೂ ಬಸ್ಸಿಗೂ ಒಂದು ಮೊಳ ಉಳಿಯುತ್ತಿತ್ತು. ಆಗಬಹುದು ಎನಿಸಿತು.

"ಬಲೆ ಅಣ್ಣ, ಬಲೆ, ಬಲೆ, ಬಲೆ!"

ಸೈಕಲಿನವನು ಬಲಗೈಯನ್ನು ನೀಟಾಗಿ ಚಾಚಿ, ಬಲಕ್ಕೆ ತಿರುಗಿದ. ನೇರ ಬಸ್ಸಿನ ಮೂತಿಗೆ.

ಅಣ್ಣನ ಬರಿಗಾಲು ಬ್ರೇಕಿನ ಮೇಲೆ ನಿಂತೇಬಿಟ್ಟಿತ್ತು. ವೇಗ ಇರಲಿಲ್ಲವಾದ್ದರಿಂದ ಜೀವ ಉಳಿಯಿತು. ಆದರೆ ಅವನ ಬಲಗಾಲು ಸೈಕಲಿನ ಜೊತೆ ಮುಂದಿನ ಚಕ್ರದಡಿ ಸಿಕ್ಕಿತ್ತು. ಅಣ್ಣ ಕೆಳಗಿಳಿದು, ಅವನನ್ನು ಮಗುವಿನ ಹಾಗೆ ಎತ್ತಿ, ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿದರು. ತಮ್ಮ ಬೈರಾಸನ್ನೇ ಕಾಲಿಗೆ ಸುತ್ತಿದರು. ಒಂದು ಸ್ಟಾಪಿನಲ್ಲೂ ನಿಲ್ಲಿಸದೆ ಮಣಿಪಾಲದ ದೊಡ್ಡ ಆಸ್ಪತ್ರೆಗೇ ಬಸ್ಸು ತಂದರು. ಒಬ್ಬ ಪ್ಯಾಸೆಂಜರೂ ತಕರಾರು ಮಾಡಲಿಲ್ಲ. ದಾರಿಯುದ್ದಕ್ಕೂ ಜನ ಹೇಳುತ್ತಿದ್ದದ್ದು ಒಂದೇ: "ಅವನದ್ದೇ ತಪ್ಪು. ಎಂತ ಮಂಡೆ ಮಾರಾಯ, ಬಸ್ಸಿಗೆ ಬಂದು ಬೀಳುವುದಾ?" ಅಣ್ಣ ಮಾತ್ರ ಆಸ್ಪತ್ರೆಯ ಬಾಗಿಲಲ್ಲಿ ನನ್ನ ತೋಳು ಹಿಡಿದು, "ಅವ ಕೈ ತೋರಿಸಿದ, ನೋಡಿದಿಯಾ?" ಎಂದರು. "ಕೈ ತೋರಿಸಿ ತಿರುಗಿದ. ಈ ರೋಡಿನಲ್ಲಿ ಯಾವ ಸೈಕಲಿನವ ಕೈ ತೋರಿಸ್ತಾನೆ? ಅವ ಯಾಕೆ ಬಲಕ್ಕೆ ಬಂದ?"

ಕೇಸಾಯಿತು. ಅಣ್ಣನ ಲೈಸೆನ್ಸು ಹೋಗುತ್ತದೆ ಎಂಬ ಮಾತು ಎದ್ದಿತು. ಅವನನ್ನು ನೋಡಲು ಹೋಗಬೇಡಿ ಎಂದು ಬಸ್ಸಿನ ಧಣಿಗಳು ಅಣ್ಣನಿಗೆ ತಾಕೀತು ಮಾಡಿದ್ದರು. ಮೂರನೆಯ ದಿನ ಅಣ್ಣ ಎಳನೀರು ತೆಗೆದುಕೊಟ್ಟು ನನ್ನನ್ನು ಕಳಿಸಿದರು. "ಕೇಳಿ ಬಾ. ಬೈಲಿಕ್ಕಲ್ಲ. ಸುಮ್ಮನೆ ಕೇಳು. ಯಾಕೆ ಬಲಕ್ಕೆ ಬಂದ?"

ಅವನು ಬಾದಾಮಿ ಕಡೆಯವನು. ಮೂವತ್ತರ ಹತ್ತಿರದ ಪ್ರಾಯ. ಕಾಪುವಿನ ಹತ್ತಿರ ಶೆಡ್ಡಿನಲ್ಲಿದ್ದುಕೊಂಡು ಹೊಸ ಕಟ್ಟಡಗಳ ಗೋಡೆ ಸಾರಣೆ ಮಾಡುವವನು. ಬಂದು ಎರಡು ತಿಂಗಳಾಗಿತ್ತಂತೆ. ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಮಂಚದ ಬದಿಯಲ್ಲಿ ನೆಲದ ಮೇಲೆ ಹೆಂಡತಿ ಕುಳಿತಿದ್ದಳು. ನಾನು ಖಾಕಿ ಹಾಕಿರಲಿಲ್ಲ. ಬಸ್ಸಿನ ಕಡೆಯವನು ಎಂದಷ್ಟೇ ಹೇಳಿದೆ. ಜಗಳವಾಗಬಹುದೆಂದು ಹೆದರಿದ್ದೆ. ಅವನು ಎಳನೀರು ತೆಗೆದುಕೊಂಡು, "ಕುಂಡ್ರಿ" ಎಂದ.

"ಯಾಕೆ ಬಲಕ್ಕೆ ಬಂದಿರಿ ನೀವು?" ಎಂದೆ.

"ಯಾಕ ಅಂದ್ರ? ಬಸ್ಸಿನ್ಯಾಗಿಂದ ಯಾರೋ ಬಲ, ಬಲ, ಬಲ ಅಂತ ಒದರಿದ್ರಲ್ರೀ. ಎಡಕ್ಕ ಕೆಸರು, ಬಸ್ಸು ಎಡಕ್ಕ ಬರಾಕತ್ತೈತಿ, ನನಗ ಬಲಕ್ಕ ಹೊಳ್ಳು ಅಂತಾರ ಅಂತ ತಿಳಕೊಂಡೆ. ಕೈ ಮಾಡಿ ಹೊಳ್ಳಿದೆ. ಯಾರೋ ಪುಣ್ಯಾತ್ಮ ನಮ್ಮ ಜೀವ ಉಳೀಲಿ ಅಂತ ಹೇಳ್ತಾನ, ಕೇಳಬೇಕಲ್ರೀ?"

ಅವನ ಹೆಂಡತಿ ತಲೆಯೆತ್ತಿ, "ಅಂವ ಯಾರಂತ ನಿಮಗ ಗೊತ್ತೇನ್ರೀ ಅಣ್ಣಾ?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ತಿಳಿದುಕೊಳ್ಳಬೇಕಿತ್ತು, ಅಷ್ಟೆ.

"ಗೊತ್ತಿಲ್ಲ. ಯಾರೋ ಪ್ಯಾಸೆಂಜರು ಇರಬೇಕು" ಎಂದೆ.

ಹೊರಗೆ ಬಂದೆ. ಗೇಟಿನ ಬದಿಯಲ್ಲಿ ಅಣ್ಣ ಕಾಯುತ್ತಿದ್ದರು. "ಎಂತ ಹೇಳಿದ?" ಎಂದರು.

"ಅವನಿಗೆ ಎಂತದ್ದೂ ನೆನಪಿಲ್ಲವಂತೆ ಅಣ್ಣ."

ಎರಡು ನಿಮಿಷದೊಳಗೆ ಎರಡು ಸುಳ್ಳು. ಮರುವಾರ ಸ್ಟೇಷನ್ನಿನಲ್ಲಿ ಮೂರನೆಯದು. ಸೈಕಲಿನವನು ಹಿಂದೆ ನೋಡದೆ ಒಮ್ಮೆಲೇ ಬಲಕ್ಕೆ ನುಗ್ಗಿದ ಎಂದು ಬರೆದ ಕಾಗದಕ್ಕೆ ನಾನು ಸಹಿ ಹಾಕಿದೆ. ಕೈ ತೋರಿಸಿದ್ದು ಅದರಲ್ಲಿರಲಿಲ್ಲ. ನಾನು ಕೂಗಿದ್ದೂ ಇರಲಿಲ್ಲ. ಅಣ್ಣನ ಲೈಸೆನ್ಸು ಉಳಿಸುತ್ತಿದ್ದೇನೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು, ನಾನು ಉಳಿಸಿದ್ದು ನನ್ನನ್ನು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಕೇಸಿನಲ್ಲಿ ನನ್ನ ಹೆಸರೂ ಬರುತ್ತದೆ ಎಂಬ ಹೆದರಿಕೆ. ಪುಕ್ಕಲುತನ ಎನ್ನುವುದು ಬಿಟ್ಟರೆ ಇದಕ್ಕೆ ಬೇರೆ ಶಬ್ದ ನನಗೆ ಗೊತ್ತಿಲ್ಲ. ಕೊನೆಗೆ ಕೋರ್ಟಿನಲ್ಲಿ ಅಣ್ಣ ನಿರ್ದೋಷಿ ಎಂದಾಯಿತು. ತಪ್ಪೆಲ್ಲ ಸೈಕಲಿನವನದ್ದಾಯಿತು. ಅಷ್ಟರಲ್ಲಿ ಅವನು ಕೋಲೂರಿಕೊಂಡು ಹೆಂಡತಿಯ ಜೊತೆ ಊರಿಗೆ ಹೋಗಿಯಾಗಿತ್ತು.

ಗೆದ್ದ ಡ್ರೈವರು ಹೇಗಿರಬೇಕು? ಅಣ್ಣ ಹಾಗಿರಲಿಲ್ಲ. ಸೈಕಲಿಗೆ ಹಾರ್ನು ಹಾಕುವುದನ್ನೇ ಬಿಟ್ಟರು. ಮುಂದೆ ಸೈಕಲು ಕಂಡರೆ ಅದರ ಹಿಂದೆ ಅದರ ವೇಗದಲ್ಲೇ ಹೋಗುವುದು. ಉಚ್ಚಿಲದಿಂದ ಕಾಪುವಿನವರೆಗೆ ಒಬ್ಬ ಐಸ್‌ಕ್ಯಾಂಡಿಯವನ ಹಿಂದೆ ಬಂದದ್ದೂ ಉಂಟು. ಪ್ಯಾಸೆಂಜರುಗಳು, "ಇದೆಂತ ಬಸ್ಸಾ, ಮೆರವಣಿಗೆಯಾ?" ಎಂದು ಬೊಬ್ಬೆ ಹಾಕುತ್ತಿದ್ದರು. ನಾನು ಹತ್ತಿರ ಹೋಗಿ, "ಒಂದು ಹಾರ್ನು ಹಾಕಿ ಅಣ್ಣ" ಎಂದರೆ, "ಹಾಕಿದರೆ ಅವ ಎಂತ ತಿಳ್ಕೊಳ್ತಾನೋ ಯಾರಿಗೆ ಗೊತ್ತು?" ಎನ್ನುತ್ತಿದ್ದರು. ಆ ಮಾತಿಗೆ ನನ್ನ ಹತ್ತಿರ ಉತ್ತರವಿತ್ತು. ನಾನು ಟಿಕೆಟ್ಟು ಹರಿಯುತ್ತಾ ಹಿಂದೆ ಹೋಗುತ್ತಿದ್ದೆ.

ನಾನೂ ಒಂದು ಅಭ್ಯಾಸ ಬಿಟ್ಟಿದ್ದೆ. ಜಾಗ ನೋಡಿ ಹೇಳಬೇಕಾದಾಗ ಬಾಯಿ ತೆರೆಯದೆ ಬಸ್ಸಿನ ತಗಡಿಗೆ ಎರಡು ಪೆಟ್ಟು ಹೊಡೆಯುತ್ತಿದ್ದೆ.

"ಬಲೆ ಅಂತ ಯಾಕೆ ಹೇಳುವುದಿಲ್ಲ ಈಗ?" ಎಂದು ಅಣ್ಣ ಒಮ್ಮೆ ಕೇಳಿದರು.

"ಗಂಟಲು ನೋವು ಅಣ್ಣ."

ಮುಂದಿನ ವರ್ಷ ಮತ್ತೆ ಕೇಳಿದರು. "ಎಷ್ಟು ವರ್ಷದ ಗಂಟಲು ನೋವು ಮಾರಾಯ ನಿಂದು? ಡಾಕ್ಟರಿಗೆ ತೋರಿಸು."

ಟೈಮಿಗೆ ಬಸ್ಸು ಮುಟ್ಟಿಸದ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೋಗಿ ಎನ್ನುವ ಮೊದಲೇ ಅಣ್ಣ ತಾವಾಗಿ ಬಿಟ್ಟರು. ನಾನೂ ಕೆಲವು ತಿಂಗಳಲ್ಲಿ ಬಿಟ್ಟು ಕಾರ್ಕಳದಲ್ಲಿ ಒಂದು ಜೆರಾಕ್ಸ್ ಅಂಗಡಿ ಹಾಕಿದೆ. ಅಣ್ಣ ಪೇಟೆಗೆ ಬಂದರೆ ಅಂಗಡಿಯ ಎದುರು ಸೈಕಲು ನಿಲ್ಲಿಸಿ ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದರು. ಆ ಸೈಕಲಿನ ಹ್ಯಾಂಡಲಿಗೆ ಹಳೆಯ ಬಸ್ಸಿನ ದುಂಡು ಕನ್ನಡಿಯೊಂದನ್ನು ತಂತಿಯಲ್ಲಿ ಕಟ್ಟಿಕೊಂಡಿದ್ದರು. ಊರವರಿಗೆ ಅದು ನಗೆಪಾಟಲು, ಅಣ್ಣನಿಗೆ ಪಿರ್ಕಿ, ತಲೆ ಕೆಟ್ಟಿದೆ ಎಂದರು. ಯಾರು ಏನೆಂದರೂ ತೆಗೆಯಲಿಲ್ಲ. ಬಂದಾಗಲೆಲ್ಲ ಮಾತು ಎಲ್ಲೆಲ್ಲೋ ಸುತ್ತಿ ಅಲ್ಲಿಗೇ ಬರುತ್ತಿತ್ತು: "ಅಲ್ಲ ಮಾರಾಯ, ಅವ ಯಾಕೆ ಬಲಕ್ಕೆ ಬಂದ?" ನನ್ನ ಮೆಷಿನ್ನು ಅದರ ಪಾಡಿಗೆ ಕಾಗದ ಹೊರಹಾಕುತ್ತಿತ್ತು.

ಕಳೆದ ವರ್ಷ ಏಪ್ರಿಲಿನಲ್ಲಿ ಅಣ್ಣನಿಗೆ ಎದೆನೋವಾಗಿ ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದರೆಂದು ಕೇಳಿ ಮನೆಗೆ ಹೋದೆ. ಮಧ್ಯಾಹ್ನದ ಹೊತ್ತು. ಅವರು ಚಾವಡಿಯಲ್ಲಿ ಕುರ್ಚಿಯಲ್ಲಿದ್ದರು, ಅಂಗಿಯ ಕುತ್ತಿಗೆಯ ಗುಂಡಿ ಆಗಲೂ ಹಾಕಿತ್ತು. ಹೆಂಡತಿ ಬೀಡಿಯ ಗೆರಸೆ ಬದಿಗಿಟ್ಟು ಬೆಲ್ಲ ನೀರು ತರಲು ಒಳಗೆ ಹೋದರು. ಅಣ್ಣ ಸೊರಗಿದ್ದರು. ಅಂಗಳ ನೋಡುತ್ತಾ, "ಒಂದು ಮಾತ್ರ ಗೊತ್ತಾಗದೆ ಹೋಗ್ತದೆ ನೋಡು" ಎಂದರು. ಯಾವ ಒಂದು ಎಂದು ನಾನು ಕೇಳಬೇಕಾಗಿರಲಿಲ್ಲ.

ಹೇಳಿಬಿಟ್ಟೆ. ಆಸ್ಪತ್ರೆಯಲ್ಲಿ ಅವನು ಹೇಳಿದ್ದು, ಅವನ ಹೆಂಡತಿ ಕೇಳಿದ್ದು, ನಾನು ಪ್ಯಾಸೆಂಜರು ಎಂದದ್ದು, ಗೇಟಿನಲ್ಲಿ ಅಣ್ಣನಿಗೆ ಹೇಳಿದ ಸುಳ್ಳು, ಎಲ್ಲವನ್ನೂ. ನೆಲ ನೋಡಿಕೊಂಡೇ ಹೇಳಿದೆ. ಕೆನ್ನೆಗೆ ಹೊಡೆಯುತ್ತಾರೆಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು.

ಅಣ್ಣ ತುಟಿಯೊಳಗೇ, "ಬಲೆ" ಎಂದರು. ಮತ್ತೆ, "ಬಲ" ಎಂದರು. ಎರಡನ್ನೂ ತೂಗಿ ನೋಡುವವರ ಹಾಗೆ ಎರಡು ಮೂರು ಸಲ ಹೇಳಿಕೊಂಡರು.

"ಮರ್ಯಾದೆ ಕೊಟ್ಟು ಹೇಳು ಅಂತ ಕಲಿಸಿದ್ದು ನಾನೇ ಅಲ್ವಾ?"

"ನೀವು ಹಾಗೆ ಹೇಳಬೇಡಿ ಅಣ್ಣ."

"ಹಾಗಾದರೆ ಅವನಿಗೆ ಕಿವಿ ಇತ್ತು." ಅವರು ಕುರ್ಚಿಯಲ್ಲಿ ಮುಂದೆ ಬಾಗಿದರು. "ಇಪ್ಪತ್ತೈದು ವರ್ಷ ಬೊಬ್ಬೆ ಹಾಕಿದ್ದೇನೆ, ಸೈಕಲಿಗೆ ಕಿವಿ ಇಲ್ಲ, ಕಿವಿ ಇಲ್ಲ ಅಂತ. ನಮ್ಮ ಮಾತು ಕೇಳಿದವ ಅವನೊಬ್ಬನೇ ಮಾರಾಯ. ಅವನ ಕಾಲು ತೆಗೆದೆವು."

ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೆಂಡತಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅಣ್ಣ ಬೈರಾಸಿನಲ್ಲಿ ಮುಖ ಒರೆಸಿಕೊಂಡು ನನ್ನನ್ನು ನೇರ ನೋಡಿ, "ನನ್ನ ಹತ್ರ ಹೇಳಿದಿ. ಅವನ ಹತ್ರ ಹೇಳಿದ್ದೀಯಾ?" ಎಂದರು.

"ಅವನ ಊರು ಎಲ್ಲಿ ಅಂತ ಹುಡುಕುವುದು ಅಣ್ಣ?"

"ಸ್ಟೇಷನ್ನಿನ ಪೇಪರಿನಲ್ಲಿ ಇರ್ತದೆ. ನೀನು ಸೈನ್ ಹಾಕಿದ ಪೇಪರು."

ಮೂರು ವಾರ ಕಳೆದು, ಎದೆನೋವಿನ ಮನುಷ್ಯ, ಸೈಕಲಿನಲ್ಲೇ ನನ್ನ ಅಂಗಡಿಗೆ ಬಂದರು. ನಾಲ್ಕು ಮಡಿಕೆ ಮಾಡಿದ ಒಂದು ಕಾಗದವನ್ನು ಗಾಜಿನ ಮೇಲಿಟ್ಟರು. ಅವನ ಹೆಸರು, ತಂದೆಯ ಹೆಸರು, ಬಾದಾಮಿ ತಾಲೂಕಿನ ಒಂದು ಹಳ್ಳಿ. ಅಣ್ಣನ ಅಕ್ಷರ, ಪೆನ್ನು ಒತ್ತಿ ಒತ್ತಿ ಬರೆದದ್ದು. ಯಾರ ಕೈಕಾಲು ಹಿಡಿದು ತಂದರೋ, ಹೇಳಲಿಲ್ಲ.

"ಒಟ್ಟಿಗೆ ಹೋಗುವ" ಎಂದರು. "ಬಲ ಅಂತ ಹೇಳಿದ್ದು ಯಾರು ಅಂತ ಆ ಹೆಂಗಸಿಗೆ ಗೊತ್ತಾಗ್ಲಿ. ಹೇಳಲಿಕ್ಕೆ ಕಲಿಸಿದವ ಯಾರು ಅಂತಲೂ ಗೊತ್ತಾಗ್ಲಿ. ನಾಡಿದ್ದು ಹೊರಡುವನಾ?"

ನಾಡಿದ್ದು! ನನಗೆ ಅಂಗಡಿಯ ನೆಪವಿತ್ತು, ಶಾಲೆ ಶುರುವಾಗುವ ಸಮಯ, ಅರ್ಜಿಗಳ ರಾಶಿ. ಬಾನೂ ಕಪ್ಪಾಗಿತ್ತು.

"ಮಳೆ ಒಂದು ಮುಗಿಯಲಿ ಅಣ್ಣ" ಎಂದೆ.

ಅಣ್ಣ ತಲೆಯಾಡಿಸಿ ಸೈಕಲು ಹತ್ತಿದರು. ಪೇಟೆಯ ತಿರುವಿನಲ್ಲಿ ಕನ್ನಡಿ ನೋಡಿ, ಬಲಗೈ ಚಾಚಿ, ತಿರುಗಿ ಹೋದರು. ಮಳೆ ಮುಗಿಯುವ ಮೊದಲೇ, ಆಟಿ ತಿಂಗಳ, ಎಂದರೆ ಆಷಾಢದ, ಒಂದು ಬೆಳಿಗ್ಗೆ, ಹಲ್ಲುಜ್ಜಲು ಹೋದವರು ಬಾವಿಕಟ್ಟೆಯ ಹತ್ತಿರ ಕುಸಿದರಂತೆ.

ಆ ಮಳೆ ಮುಗಿಯಿತು. ಚಳಿ ಬಂತು, ಸೆಕೆ ಬಂತು, ಈಗ ಇನ್ನೊಂದು ಮಳೆಯೂ ಅರ್ಧ ಕಳೆಯಿತು. ಆ ಕಾಗದ ನನ್ನ ಮೇಜಿನ ಡ್ರಾಯರಿನಲ್ಲೇ ಉಂಟು. ಮಡಿಕೆಯ ಹತ್ತಿರ ಹರಿಯುತ್ತಿದೆಯೆಂದು ಎರಡು ಸಲ ಜೆರಾಕ್ಸು ಮಾಡಿ ಇಟ್ಟುಕೊಂಡಿದ್ದೇನೆ. ಹೋಗಿಲ್ಲ.